ಲಾಠಿಯ ಮುಂದೆ ನಿಂತ ಹುಡುಗರು

ಚರಿತ್ರೆ ಬರೆಯುವವರು ನಾಯಕರ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತಾರೆ. ಜೈಲು ತುಂಬಿದವರ ಹೆಸರು ಪೋಲೀಸರ ದಫ್ತರದಲ್ಲಿ ಗೆದ್ದಲು ಹಿಡಿಯುತ್ತದೆ. ಅಮೆರಿಕದ ಕಪ್ಪುಜನರ ಹೋರಾಟ ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಎಂದು ಒಂದು ಹೆಸರು ಹೇಳಿ ಪಾಠ ಮುಗಿಸಿಬಿಡುತ್ತಾರೆ. 1963ರ ಮೇ ತಿಂಗಳಲ್ಲಿ ಆ ಹೋರಾಟವನ್ನು ಹೆಗಲ ಮೇಲೆ ಹೊತ್ತವರು ಶಾಲೆಯ ಹುಡುಗ ಹುಡುಗಿಯರು ಎಂಬ ಮಾತು ಪಾಠದಲ್ಲಿ ಬರುವುದಿಲ್ಲ. ಭಾನುವಳ್ಳಿ, ಹರಿಹರದ ಕಡೆಯ ನಮ್ಮ ಹುಡುಗರಿಗೆ ಅದು ಗೊತ್ತಾಗಬೇಕು. ಯಾಕಂದ್ರೆ ಅದು ಬರೀ ಅವರ ಕಥೆಯಲ್ಲ.

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ. ಅಂಗಡಿಯಲ್ಲಿ ದುಡ್ಡು ಕೊಟ್ಟು ಸಾಮಾನು ತರಬಹುದು, ಅದೇ ಅಂಗಡಿಯಲ್ಲಿ ಬಿಳಿಯರ ಪಕ್ಕ ಕೂತು ತಿಂಡಿ ತಿನ್ನುವಂತಿಲ್ಲ. ಹೊಟೇಲಿನ ಹೊರಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡವರಿಗೆ ಇದು ಹೊಸದೇನಲ್ಲ. ಪೋಲೀಸು ಬುಲ್ ಕಾನರ್ ಎಂಬ ಬಿಳಿಯ ಅಧಿಕಾರಿಯ ಕೈಯಲ್ಲಿತ್ತು. ಆ ಏಪ್ರಿಲ್‌ನಲ್ಲಿ ಚಳವಳಿ ಶುರುವಾಯಿತು, ಕಿಂಗ್ ಜೈಲಿಗೂ ಹೋಗಿ ಬಂದರು. ಆದರೆ ಜೈಲಿಗೆ ಬರುವ ದೊಡ್ಡವರ ಸಂಖ್ಯೆ ದಿನದಿಂದ ದಿನಕ್ಕೆ ಇಳಿಯಿತು. ಹೇಡಿಗಳಾಗಿದ್ದರು ಅಂತಲ್ಲ. ಮೆರವಣಿಗೆಯಲ್ಲಿ ಮುಖ ಕಂಡರೆ ಮಾರನೇ ದಿನ ಕೆಲಸ ಹೋಗುತ್ತಿತ್ತು. ನಮ್ಮ ಕೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಳಿಂದ ಹೊಲಕ್ಕೆ ಬರಬ್ಯಾಡ ಅಂತ ಧಣಿ ಅಂದ್ರೆ ಅವತ್ತೇ ಒಲೆ ಆರುತ್ತದೆ.

ಆಗ ಜೇಮ್ಸ್ ಬೆವೆಲ್ ಎಂಬ 26ರ ಯುವಕ ಒಂದು ಲೆಕ್ಕ ಹಾಕಿದ. ಮಕ್ಕಳಿಗೆ ಕಳೆದುಕೊಳ್ಳಲು ಕೂಲಿ ಇಲ್ಲ, ತೀರಿಸಲು ಸಾಲ ಇಲ್ಲ. ಹೊಡೆದರೆ ತಿರುಗಿ ಹೊಡೆಯಬಾರದು ಎಂದು ಚರ್ಚಿನಲ್ಲಿ ಕೂರಿಸಿ ಅವರಿಗೆ ತರಬೇತಿ ಕೊಟ್ಟರು. ಮೇ 2ರಂದು ಸಾವಿರಕ್ಕೂ ಹೆಚ್ಚು ಮಕ್ಕಳು ತರಗತಿ ಬಿಟ್ಟು ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿಗೆ ಬಂದರು. ಐವತ್ತೈವತ್ತು ಜನರ ಗುಂಪಾಗಿ ಹಾಡಿಕೊಂಡು ಹೊರಬಿದ್ದರು. ಒಂದು ಗುಂಪನ್ನು ಹಿಡಿದರೆ ಇನ್ನೊಂದು ಗುಂಪು. ನೂರಾರು ಮಕ್ಕಳನ್ನು ಸಾಗಿಸಲು ಪೋಲೀಸು ವ್ಯಾನು ಸಾಲದೆ ಶಾಲೆಯ ಬಸ್ಸುಗಳನ್ನೇ ತರಿಸಿದರು. ವಾರವಿಡೀ ಜೈಲಿನಲ್ಲಿದ್ದ ಒಬ್ಬ ಹುಡುಗಿಗೆ 9 ವರ್ಷ!

ಮಾರನೇ ದಿನ ಕಾನರ್ ಬೆಂಕಿ ಆರಿಸುವ ನೀರಿನ ಕೊಳವೆಗಳನ್ನು ಮಕ್ಕಳ ಮೇಲೆ ತಿರುಗಿಸಿದ, ನಾಯಿಗಳನ್ನು ಬಿಟ್ಟ. ಆ ಫೋಟೋಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು. ಜೈಲು ತುಂಬಿ ಜಾತ್ರೆ ಮೈದಾನದಲ್ಲಿ ಮಕ್ಕಳನ್ನು ಕೂಡಿಹಾಕಬೇಕಾಯಿತು. ಮೇ 10ರಂದು ನಗರದ ವ್ಯಾಪಾರಿಗಳು ರಾಜಿಗೆ ಬಂದರು. ನಲ್ಲಿ, ತಿಂಡಿ ಮೇಜಿನ ಮೇಲಿನ ಭೇದ ತೆಗೆಯಲು, ಕರಿಯರಿಗೆ ಅಂಗಡಿಗಳಲ್ಲಿ ಕೆಲಸ ಕೊಡಲು ಒಪ್ಪಿದರು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಹಿಂದೆ ಈ ಮಕ್ಕಳ ಒದ್ದೆ ಬಟ್ಟೆಯೂ ಇದೆ.

ಗೆದ್ದ ಕಥೆ ಹೇಳಿ ಇಲ್ಲಿಗೇ ನಿಲ್ಲಿಸಿದರೆ ಸುಳ್ಳಾದೀತು. ಮೆರವಣಿಗೆಗೆ ಹೋದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಶಾಲಾ ಮಂಡಳಿ ಹೊರಹಾಕಿತು, ಮೇಲಿನ ಕೋರ್ಟು ಅದನ್ನು ತಡೆಯಬೇಕಾಯಿತು. ಸೆಪ್ಟೆಂಬರ್ 15ರಂದು ಅದೇ ಚರ್ಚಿನಲ್ಲಿ ಬಿಳಿಯ ಕೊಲೆಗಡುಕರು ಇಟ್ಟ ಬಾಂಬಿಗೆ ನಾಲ್ವರು ಹುಡುಗಿಯರು ಬಲಿಯಾದರು. ಮೂವರಿಗೆ 14, ಒಬ್ಬಳಿಗೆ 11. ಅದೇ ದಿನ ಜಾನಿ ರಾಬಿನ್ಸನ್ ಎಂಬ 16ರ ಹುಡುಗನ ಬೆನ್ನಿಗೆ ಪೋಲೀಸನೊಬ್ಬ ಗುಂಡು ಹೊಡೆದ. ಆ ಪೋಲೀಸನ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ.

ಮಕ್ಕಳನ್ನು ಮುಂದೆ ಬಿಟ್ಟಿದ್ದು ಸರಿಯೇ? ಮಾಲ್ಕಮ್ ಎಕ್ಸ್ ಇದನ್ನು ಖಂಡಿಸಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನೆಯಲ್ಲಿ ಸುಮ್ಮನೆ ಕೂತ ಮಕ್ಕಳನ್ನಾದರೂ ಆ ನಾಯಿ ಬಿಟ್ಟಿತ್ತೇ? ಮಕ್ಕಳು ಹೆದರಿಕೆಯ ಒಳಗೇ ಹುಟ್ಟಿದ್ದರು, ಅದರಿಂದ ಹೊರಗೆ ಬಂದರು. ನಾವು ಹೇಳುವುದಿಷ್ಟು: ಹುಡುಗರು ಬೀದಿಗೆ ಬಂದರೆ ಜಾಮೀನಿಗೆ, ವಕೀಲರಿಗೆ, ಮತ್ತೆ ಶಾಲೆಗೆ ಸೇರಿಸಲು ಓಡಾಡುವ ಹೊಣೆ ದೊಡ್ಡವರದು. ಅದಿಲ್ಲದ ಚಪ್ಪಾಳೆ ಮೋಸ.

ನಮ್ಮಲ್ಲೂ ಈ ಲೆಕ್ಕ ಹೀಗೇ ನಡೆದಿದೆ. 1973ರ ನವೆಂಬರ್‌ನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಏಟು ಬಿದ್ದದ್ದು ಹಾಸ್ಟೆಲಿನ ದಲಿತ ಹುಡುಗರ ಮೇಲೆ. ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟರು, ಹುಡುಗರು ಸಂಘಟನೆ ಕಟ್ಟಿದರು. ಹರಿಹರದ ಮಾದಿಗರ ಮನೆಯಲ್ಲಿ 1938ರಲ್ಲಿ ಹುಟ್ಟಿ ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿಯನ್ನು ಬೆಳೆಸಿದರು. ಗೋಡೆ ಬರಹ, ಜಾಥಾ, ಹಾಡು, ಠಾಣೆ ಮುಂದಿನ ಧರಣಿ, ಇವೆಲ್ಲ ಹಾಸ್ಟೆಲಿನ ಅನ್ನ ಉಂಡ ಹುಡುಗರ ಕೆಲಸ. ಕೂಲಿಗೆ ಹೋಗುವ ಅಪ್ಪ ಠಾಣೆ ಮುಂದೆ ಕೂರಲಾರ. ಓದುವ ಮಗ ಕೂತ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೋಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಕುತ್ತಿಗೆಯ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿದ. ಪೋಲೀಸರ ಮೊದಲ ಹೇಳಿಕೆಯಲ್ಲಿ ಮಂಡಿಯ ಮಾತೇ ಇಲ್ಲ, ಆರೋಗ್ಯ ಕೆಟ್ಟು ಸತ್ತ ಎಂಬ ಅರ್ಥ. ಅಲ್ಲೇ ನಿಂತಿದ್ದ ಡಾರ್ನೆಲ್ಲಾ ಫ್ರೇಜಿಯರ್ ಎಂಬ 17ರ ಹುಡುಗಿ ಫೋನಿನಲ್ಲಿ ತೆಗೆದ ಚಿತ್ರ ಆ ಹೇಳಿಕೆಯನ್ನು ಹರಿದುಹಾಕಿತು. ಮುಂದಿನ ತಿಂಗಳು ನ್ಯಾಶ್‌ವಿಲ್ ನಗರದಲ್ಲಿ ಆರು ಜನ ಹುಡುಗಿಯರು, ಹದಿನಾಲ್ಕರಿಂದ ಹದಿನಾರರವರು, ಸಾವಿರಾರು ಜನರ ಮೆರವಣಿಗೆ ಕಟ್ಟಿದರು. 2021ರಲ್ಲಿ ಆ ಪೋಲೀಸನಿಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು.

ಅದೇ 2021ರ ಆಗಸ್ಟ್ 2ರಂದು ಬೆಂಗಳೂರಿನ ಜೆ.ಸಿ. ನಗರ ಪೋಲೀಸರ ವಶದಲ್ಲಿದ್ದ ಕಾಂಗೋ ದೇಶದ 27ರ ಯುವಕ ಸತ್ತ. ಮಾದಕವಸ್ತು ಇಟ್ಟುಕೊಂಡಿದ್ದಾನೆಂದು ಹಿಡಿದಿದ್ದರು. ಹೃದಯ ನಿಂತಿತು ಅಂದರು ಪೋಲೀಸರು. ಹೊಡೆದದ್ದರಿಂದ ಸತ್ತ ಅಂದರು ಅವನ ಕಡೆಯವರು. ಠಾಣೆ ಮುಂದೆ ನ್ಯಾಯ ಕೇಳಿದ ಆಫ್ರಿಕನ್ ತರುಣರ ಮೇಲೆ ಲಾಠಿ ಬೀಸಿದರು. ತನಿಖೆ ಸಿಐಡಿಗೆ ಹೋಯಿತು. ಅದೇ ವರ್ಷದ ಮೇನಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನಿಗೆ ಮೂತ್ರ ನೆಕ್ಕಿಸಿದರೆಂಬ ದೂರು ಬಂದಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿ ಗೆಳೆಯರೇ. ಮಿನಿಯಾಪೊಲಿಸ್‌ಗೆ ಮಿಡಿಯುವ ಎದೆ ಜೆ.ಸಿ. ನಗರಕ್ಕೆ, ಗೋಣಿಬೀಡಿಗೆ ಮಿಡಿಯದಿದ್ದರೆ ಅದು ಬರೀ ಶೋಕಿ.

ಅಪ್ಪ ಅವ್ವ ಹೆಬ್ಬೆಟ್ಟು ಒತ್ತಿದ ಮನೆಗಳಿಂದ ಮೊದಲ ಡಿಗ್ರಿ ಪಡೆದು ಬಂದ ನಾವು ಓದಿದ್ದು ಯಾತಕ್ಕೆ? ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಹಿಡಿದವರು ಹೆಸರಿನ ಪಟ್ಟಿ ಧರಿಸಿರಬೇಕು, ಬಂಧನದ ಪತ್ರಕ್ಕೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೋ ಗೆಳೆಯರಿಗೋ ತಿಳಿಸಬೇಕು, 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು. ಮೇಷ್ಟ್ರೇ, ಹತ್ತನೇ ತರಗತಿಯ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿ. ನಿನಗ್ಯಾಕಪ್ಪಾ ಊರ ಉಸಾಬರಿ ಅಂತ ಹಿರಿಯರು ಅಂದಾರು. ಅವರ ಹೆದರಿಕೆಗೆ ಕಾರಣ ಇದೆ, ಬೈಯಬೇಡಿ. ಭಾನುವಳ್ಳಿಯ ಒಬ್ಬ ಹುಡುಗನನ್ನು ರಾತ್ರಿ ಜೀಪಿಗೆ ಹತ್ತಿಸಿದರೆ, ಬಂಧನದ ಪತ್ರ ಎಲ್ಲಿ ಸ್ವಾಮಿ ಅಂತ ಕೇಳಲು ಇನ್ನೊಬ್ಬ ಹುಡುಗ ಕೇರಿಯಲ್ಲಿ ಇರಬೇಕು.