ಏಳು ಸಮುದ್ರದಾಚೆಯ ಗಿಳಿ

ರಕ್ಕಸನ ಪ್ರಾಣ ರಕ್ಕಸನ ಮೈಯಲ್ಲಿಲ್ಲ. ಏಳು ಸಮುದ್ರದಾಚೆ, ಯಾವುದೋ ಮರದ ಪೊಟರೆಯ ಗಿಳಿಯಲ್ಲಿದೆ. ಈ ಕಥೆಯನ್ನು ಕೇಳದೆ ಬೆಳೆದ ವಾಚಕರು ವಿರಳ. ರಾಜಕುಮಾರನು ಗಿಳಿಯ ರೆಕ್ಕೆ ಮುರಿದ ಕೂಡಲೆ ಅತ್ತ ರಕ್ಕಸನ ತೋಳು ಕಳಚಿ ಬಿದ್ದಿತೆಂದು ನಮ್ಮಜ್ಜಿ ಹೇಳಿದಾಗ, "ಗಿಳಿ ಏನು ತಪ್ಪು ಮಾಡಿತ್ತಜ್ಜಿ?" ಎಂದು ಕೇಳಿದ್ದೆ. "ಕಥೆ ಕೇಳೋದಾದ್ರೆ ಕೇಳು, ಇಲ್ದಿದ್ರೆ ಮಲಕ್ಕೊ" ಎಂದು ಉತ್ತರ ಬಂತು.

ಕಳ್ಳರಿಗೆ ಹೆದರಿದ ಗೃಹಸ್ಥನು ಒಡವೆಯನ್ನು ಹಿತ್ತಿಲಲ್ಲಿ ಹೂಳುವಂತೆ, ಸಾವಿಗೆ ಹೆದರಿದವನು ಪ್ರಾಣವನ್ನು ಮೈಯಿಂದಾಚೆ ಬಚ್ಚಿಡುವುದು ಈ ಕಥೆಗಳ ಹೂಟ. ಜೇಮ್ಸ್ ಫ್ರೇಸರ್ ಎಂಬ ಪಂಡಿತನು 1890ರಲ್ಲಿ ಪ್ರಕಟವಾದ 'ದಿ ಗೋಲ್ಡನ್ ಬೌ' ಗ್ರಂಥದಲ್ಲಿ ಇಂಥವನ್ನು ದೇಶದೇಶಗಳಿಂದ ಒಟ್ಟುಗೂಡಿಸಿದನು. ಸುಮಾರು 3,200 ವರ್ಷ ಹಳೆಯ ಈಜಿಪ್ಟಿನ ಹಸ್ತಪ್ರತಿಯೊಂದರಲ್ಲಿ ಬಾಟನೆಂಬವನು ತನ್ನ ಹೃದಯವನ್ನು ಮರದ ಹೂವಿನ ಮೇಲಿಟ್ಟಿದ್ದಾನೆ. ರಷ್ಯದ ಕೊಶ್ಚೆಯನ ಸಾವು ಸೂಜಿಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತಿನಲ್ಲಿ, ಬಾತು ಮೊಲದಲ್ಲಿ. ಅವನಿಗೆ 'ಸಾವಿಲ್ಲದವ' ಎಂಬ ಬಿರುದು ಬೇರೆ! ಹಲವು ಕಡೆ ಗುಟ್ಟು ಬಯಲಾಗುವುದು ಅವನ ಬಾಯಿಂದಲೇ, ಬಹುಮಟ್ಟಿಗೆ ಹೆಣ್ಣೊಬ್ಬಳ ಮುಂದೆ.

ಮಹಾಭಾರತದ ವನಪರ್ವದಲ್ಲಿರುವ ರೂಪ ನನಗೆ ಇವೆಲ್ಲಕ್ಕಿಂತ ಗಹನವಾಗಿ ಕಾಣುತ್ತದೆ. ಮಗನನ್ನು ಕಳೆದುಕೊಂಡ ಬಾಲಧಿ ಋಷಿಯು ಅಮರನಾದ ಮಗನಿಗಾಗಿ ತಪಸ್ಸು ಮಾಡುತ್ತಾನೆ. ಮರ್ತ್ಯರಿಗೆ ಅಮರತ್ವವಿಲ್ಲ, ಯಾವುದಾದರೊಂದು ನಿಮಿತ್ತಕ್ಕೆ ಕಟ್ಟಿದ ಆಯುಸ್ಸನ್ನು ಕೊಡಬಹುದು ಎನ್ನುತ್ತಾರೆ ದೇವತೆಗಳು. ಬಾಲಧಿ ಆರಿಸಿಕೊಂಡದ್ದು ಗಿಳಿಯನ್ನಲ್ಲ, ಪರ್ವತಗಳನ್ನು. ಹುಟ್ಟಿದ ಮಗ ಮೇಧಾವಿ ಇದನ್ನು ತಿಳಿದು ಕೊಬ್ಬಿ ಋಷಿಗಳನ್ನು ಅವಮಾನಿಸಿದನು. ಧನುಷಾಕ್ಷ ಮುನಿಯು 'ಭಸ್ಮವಾಗು' ಎಂದು ಶಪಿಸಿದರೆ ಶಾಪ ತಾಗಲಿಲ್ಲ. ಆಗ ಮುನಿಯು ಕೋಣಗಳಿಂದ ಆ ಪರ್ವತಗಳನ್ನೇ ಒಡೆಯಿಸಿದನು. ಮಗನ ಹೆಣವನ್ನು ಅಪ್ಪಿಕೊಂಡು ತಂದೆ ಅತ್ತನು. ಗಿಳಿಯನ್ನು ಕೊಂದವನನ್ನು ಮೆಚ್ಚುವ ನಾವು ಇಲ್ಲಿ ಯಾರ ಪಕ್ಷ ಹಿಡಿಯಬೇಕು?

ನಮ್ಮ ಗಿಳಿ ಇಂಗ್ಲಿಷಿನಲ್ಲಿ ಅಚ್ಚಾದುದು 1868ರಲ್ಲಿ, 'ಓಲ್ಡ್ ಡೆಕ್ಕನ್ ಡೇಸ್' ಎಂಬ ಪುಸ್ತಕದಲ್ಲಿ. ಬರೆದುಕೊಂಡವಳು ಮುಂಬಯಿ ಗವರ್ನರನ ಮಗಳು ಮೇರಿ ಫ್ರೇರ್. ಹೇಳಿದವಳು ಅವಳ ಆಯಾ ಅನ್ನಾ ಲಿಬರಾಟಾ ಡಿಸೋಜ. ಅನ್ನಾಳ ಪೂರ್ವಿಕರು ಲಿಂಗಾಯತರು. ಅಜ್ಜನ ಕಾಲದಲ್ಲಿ ಗೋವೆಯ ಕಡೆ ಕ್ರೈಸ್ತರಾದವರು. ಕಥೆಗಳನ್ನು ಆಕೆಯೂ ಅಜ್ಜಿಯಿಂದಲೇ ಕೇಳಿದ್ದಳು. ಅಲ್ಲಿ ಪಂಚ್ಕಿನ್ ಎಂಬ ಮಾಂತ್ರಿಕನ ಪ್ರಾಣವು ದೂರದ ಕಾಡಿನಲ್ಲಿ, ತಾಳೆಮರಗಳ ನಡುವೆ, ಒಂದರ ಮೇಲೊಂದು ಪೇರಿಸಿದ ಆರು ನೀರಿನ ಗಡಿಗೆಗಳ ಕೆಳಗೆ, ಪಂಜರದ ಹಸುರು ಗಿಳಿಯಲ್ಲಿದೆ.

ಕಥೆಗಳಿಗೆ ಮುಂಚೆ ಆ ಪುಸ್ತಕದಲ್ಲಿ ಅನ್ನಾಳ ಸ್ವಂತ ವೃತ್ತಾಂತವೂ ಇದೆ. ಗಂಡ ಸತ್ತು, ಕೂಲಿಗೆ ನಿಂತು ಮಕ್ಕಳನ್ನು ಸಾಕಿದ ಆಕೆಯ ಮಗ ಪುಣೆಯ ಹೊಳೆಯಲ್ಲಿ ಮುಳುಗಿ ಹೋಗಿದ್ದನು. ಅದನ್ನು ಆಕೆ ಕೆಲವೇ ಮಾತಿನಲ್ಲಿ ಹೇಳಿದ್ದಾಳೆ. ಗಿಳಿಯ ಕಥೆಯನ್ನಾದರೋ ಪುಟಗಟ್ಟಲೆ ಹೇಳಿದ್ದಾಳೆ.