ಸೊಲ್ಲಾಪುರದ ಸೆಟ್ಲಮೆಂಟ್

ಸೊಲ್ಲಾಪುರದ ವಿಜಾಪುರ ನಾಕಾ ಕಡೆಯ ಸೆಟ್ಲಮೆಂಟ್ ಫ್ರೀ ಕಾಲನಿಯ ಹೆಸರು ಬ್ರಿಟಿಷರ ಕಾಲದ ಒಂದು ಕಾಯ್ದೆಯಿಂದ ಬಂದದ್ದು. 1871ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್, ಕೆಲವು ಜಾತಿಗಳಲ್ಲಿ ಹುಟ್ಟಿದವರೆಲ್ಲರನ್ನೂ ಅಪರಾಧಿಗಳೆಂದು ಸಾರುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಮೊದಲು ಉತ್ತರ ಭಾರತಕ್ಕಷ್ಟೇ ಇದ್ದ ಈ ಕಾನೂನು 1911ರ ತಿದ್ದುಪಡಿಯ ಬಳಿಕ ಮುಂಬಯಿ ಪ್ರಾಂತಕ್ಕೂ ಬಂತು. ಸೊಲ್ಲಾಪುರ, ವಿಜಾಪುರ, ಧಾರವಾಡ ಎಲ್ಲವೂ ಆಗ ಅದೇ ಪ್ರಾಂತದ ಜಿಲ್ಲೆಗಳು. ಕೈಕಾಡಿ, ಪಾರಧಿ, ಟಕಾರಿ, ಕಂಜಾರಭಾಟ, ಮಾಂಗ ಗಾರುಡಿ, ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಮುಂತಾದವರ ಹೆಸರು ಪಟ್ಟಿ ಸೇರಿತು. ಬುಟ್ಟಿ ಹೆಣೆಯುವವರು, ಬೇಟೆಯವರು, ಬೀಸುಕಲ್ಲಿಗೆ ಉಳಿ ಹಾಕುವವರು ಹೀಗೆ ಊರೂರು ತಿರುಗಿ ಹೊಟ್ಟೆ ಹೊರೆಯುವ ಜನವೇ ಇವರಲ್ಲಿ ಹೆಚ್ಚು. ಒಂದೇ ಊರಲ್ಲಿ ನಿಲ್ಲದವರ ಮೇಲೆ ಸರ್ಕಾರಕ್ಕೆ ಮೊದಲೇ ಗುಮಾನಿ.

ಪಟ್ಟಿ ಸೇರಿದವರು ಹೆಬ್ಬೆಟ್ಟು ಕೊಟ್ಟು ಹೆಸರು ನೋಂದಾಯಿಸಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹಾಕಬೇಕು. ಮಗಳ ಮದುವೆಗಾಗಲಿ, ಸತ್ತವರ ಮಣ್ಣಿಗಾಗಲಿ ಬೇರೆ ಊರಿಗೆ ಹೋಗಬೇಕೆಂದರೆ ಪಾಸ್ ಬೇಕು. ಎಲ್ಲಿಗೆ, ಎಷ್ಟು ದಿನಕ್ಕೆ ಎಂಬುದನ್ನು ಪಾಸಿನಲ್ಲಿ ಬರೆದಿರುತ್ತಿದ್ದರು. ಮುಟ್ಟಿದ ಊರಿನಲ್ಲಿ ಪೊಲೀಸ್ ಪಾಟೀಲನ ಮುಂದೆ ನಿಂತು ಅದನ್ನು ತೋರಿಸಬೇಕಿತ್ತು. ಎರಡನೆಯ ಸಲ, ಮೂರನೆಯ ಸಲ ಸಿಕ್ಕಿಬಿದ್ದವರಿಗೆ ಬೇರೆ ಪ್ರಜೆಗಳಿಗಿಲ್ಲದಷ್ಟು ಭಾರಿ ಶಿಕ್ಷೆ. ಮಕ್ಕಳನ್ನು ತಂದೆತಾಯಿಯಿಂದ ಬಿಡಿಸಿ ಬೇರೆ ಶಾಲೆಗೆ ಹಾಕುವ ಅಧಿಕಾರವೂ ಸರ್ಕಾರಕ್ಕಿತ್ತು. ಎಲ್ಲಕ್ಕಿಂತ ಕ್ರೂರವಾದದ್ದು ಕಾಗದದ ಮೇಲೆ ಸಪ್ಪೆಯಾಗಿ ಕಾಣುವ ಇನ್ನೊಂದು ಕಲಮು: ತಮ್ಮ ಜಾತಿಯನ್ನು ಪಟ್ಟಿಗೆ ಸೇರಿಸಿದ್ದು ತಪ್ಪೆಂದು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿರಲಿಲ್ಲ.

ಇಂಥವರನ್ನು ಬೇಲಿಯೊಳಗೆ ಕೂಡಿಹಾಕಿ ದುಡಿಮೆಗೆ ಹಚ್ಚುವ ವ್ಯವಸ್ಥೆಯೇ ಸೆಟ್ಲಮೆಂಟ್. ಮುಂಬಯಿ ಪ್ರಾಂತದಲ್ಲಿ ಅದನ್ನು ಕಟ್ಟಿ ನಿಲ್ಲಿಸಿದವನು ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ. ಅವನ ಪ್ರಯೋಗ ಮೊದಲಾದದ್ದು ವಿಜಾಪುರ ಜಿಲ್ಲೆಯಲ್ಲಿ. ಆಮೇಲೆ ಹುಬ್ಬಳ್ಳಿ, ಗದಗ-ಬೆಟಗೇರಿ, ಸೊಲ್ಲಾಪುರಗಳಲ್ಲಿ ದೊಡ್ಡ ಸೆಟ್ಲಮೆಂಟುಗಳೆದ್ದವು. ಜಾಗದ ಆಯ್ಕೆಯ ಹಿಂದೆ ಲೆಕ್ಕಾಚಾರವಿತ್ತು. ಗಿರಣಿಗಳಿದ್ದ ಸೊಲ್ಲಾಪುರಕ್ಕೆ ಕೂಲಿಯಾಳು ಬೇಕಾಗಿತ್ತು. ತಂತಿಬೇಲಿಯೊಳಗಿನವರು ಹಾಜರಿ ಹಾಕಿ ಗಿರಣಿಗೆ ಹೋಗಬೇಕು, ಪಾಳಿ ಮುಗಿದ ಮೇಲೆ ಮರಳಿ ಬೇಲಿಯೊಳಗೇ ಬರಬೇಕು. ನಡತೆ ಚೆನ್ನಾಗಿದೆ ಎಂದು ಅಧಿಕಾರಿಗೆ ಕಂಡ ಕುಟುಂಬಕ್ಕೆ ಬೇಲಿಯ ಹೊರಗೆ ಮನೆ ಕಟ್ಟಿಕೊಳ್ಳಲು ಅಪ್ಪಣೆ. ಆ ಹೊರಗಿನ ಕೇರಿಯೇ ಫ್ರೀ ಕಾಲನಿ.

ಸೊಲ್ಲಾಪುರದ ಸೆಟ್ಲಮೆಂಟನ್ನು ಮೊದಲ ವರ್ಷಗಳಲ್ಲಿ ಅಮೆರಿಕನ್ ಮರಾಠಿ ಮಿಷನ್ ನಡೆಸುತ್ತಿತ್ತು. ಈ ಮಿಷನ್ನಿನ ಮೂಲ ಬಾಸ್ಟನ್ನಿನಲ್ಲಿ. ಅಮೆರಿಕದ ಇತಿಹಾಸ ಇಲ್ಲಿ ನೆನಪಾಗದೆ ಇರದು. ಗುಲಾಮಗಿರಿ ಅಳಿದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ ಕರಿಯರ ಮೇಲೆ ಹೊಸ ಕಟ್ಟಳೆ ಹೇರಿತ್ತು; ಪ್ರತಿ ಜನವರಿಯಲ್ಲಿ ಕೆಲಸದ ಲಿಖಿತ ದಾಖಲೆ ಇರಬೇಕು, ಇಲ್ಲದವನು ಅಲೆಮಾರಿಯೆಂದು ಶಿಕ್ಷೆಗೆ ಗುರಿ. ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಬಂದ 14ನೆಯ ತಿದ್ದುಪಡಿ ಕಾನೂನಿನ ಮುಂದೆ ಎಲ್ಲರಿಗೂ ಸಮಾನ ರಕ್ಷಣೆ ಎಂದಿತು. 1871ರಲ್ಲಿ, ಇತ್ತ ಕಲ್ಕತ್ತೆಯ ಸರ್ಕಾರ ಹುಟ್ಟನ್ನೇ ಅಪರಾಧ ಮಾಡಿದ ವರ್ಷದಲ್ಲಿ, ಅಮೆರಿಕದ ಸಂಸತ್ತು ಕರಿಯರನ್ನು ಕಾಡುತ್ತಿದ್ದ ಕು ಕ್ಲಕ್ಸ್ ಕ್ಲಾನ್ ವಿರುದ್ಧ ಕಾಯ್ದೆ ತಂದಿತು. ಆದರೆ ಆ ಮಾತುಗಳು ಬಲು ಬೇಗ ಬರಿ ಮಾತಾದವು. 1964ರ ನಾಗರಿಕ ಹಕ್ಕು ಕಾಯ್ದೆ ಬರುವತನಕ ದಕ್ಷಿಣದ ರಾಜ್ಯಗಳಲ್ಲಿ ಬೇರೆ ಶಾಲೆ, ಬೇರೆ ಆಸನ ನಡೆದೇ ಇದ್ದವು.

ಸ್ಟಾರ್ಟ್‌ನ ಇನ್ನೊಂದು ಮುಖವನ್ನೂ ಹೇಳಬೇಕು. 1928ರಲ್ಲಿ ಮುಂಬಯಿ ಸರ್ಕಾರ ಅಸ್ಪೃಶ್ಯರ ಮತ್ತು ಬುಡಕಟ್ಟುಗಳ ಸ್ಥಿತಿಗತಿ ನೋಡಲು ನೇಮಿಸಿದ ಸಮಿತಿಗೆ ಅವನೇ ಅಧ್ಯಕ್ಷ, ಡಾ. ಬಿ.ಆರ್. ಅಂಬೇಡ್ಕರ್ ಸದಸ್ಯರು. 1930ರ ಅದರ ವರದಿಯಿಂದಲೇ ಪ್ರಾಂತದಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಹುಟ್ಟಿತು. ಜನರನ್ನು ಬೇಲಿಯೊಳಗೆ ಇಟ್ಟ ಅಧಿಕಾರಿಯೇ ಅವರ ಏಳಿಗೆಯ ಇಲಾಖೆಗೂ ಒಡೆಯನಾದ!

ವಿರೋಧ ಬೆಳೆಯುತ್ತಿತ್ತು. 1936ರಲ್ಲಿ ನೆಹರು ನೆಲ್ಲೂರಿನಲ್ಲಿ ಈ ಕಾಯ್ದೆಯನ್ನು ನಾಗರಿಕ ಸ್ವಾತಂತ್ರ್ಯಕ್ಕೇ ವಿರುದ್ಧವಾದದ್ದೆಂದು ಖಂಡಿಸಿದರು. ಮದರಾಸು 1947ರಲ್ಲಿ, ಮುಂಬಯಿ 1949ರಲ್ಲಿ ಅದನ್ನು ರದ್ದು ಮಾಡಿದವು. ದೇಶದಾದ್ಯಂತ ಆಗ ಸುಮಾರು 23 ಲಕ್ಷ ಜನ ಅದರ ಕೆಳಗಿದ್ದರು. ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನಂತೆ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ಕಾಯ್ದೆ ಅಳಿಯಿತು. ಅಂದಿನ ಲೆಕ್ಕದಲ್ಲಿ ಇವರು ಉಳಿದವರಿಗಿಂತ 5 ವರ್ಷ ತಡವಾಗಿ ಸ್ವತಂತ್ರರು. ಪಟ್ಟಿಯಿಂದ ಬಿಡುಗಡೆಯಾದ ಇವರೇ ವಿಮುಕ್ತರು; ಆ ದಿನವನ್ನು ವಿಮುಕ್ತ ದಿನವೆಂದು ಆಚರಿಸುತ್ತಾರೆ. ಸೊಲ್ಲಾಪುರದ ತಂತಿಬೇಲಿಯನ್ನು ನೆಹರು ಬಂದು ತಾವೇ ಕತ್ತರಿಸಿದರೆಂದು ವಿಮುಕ್ತ ಸಮುದಾಯಗಳ ಹಿರಿಯರು ಇಂದಿಗೂ ಹೇಳುತ್ತಾರೆ.

ಬೇಲಿ ಹೋದರೂ ಪೊಲೀಸರ ದಫ್ತರಿನಲ್ಲಿ ಗುಮಾನಿ ಉಳಿಯಿತು. ರೂಢಿಗತ ಅಪರಾಧಿಗಳ ಕಾಯ್ದೆ ಮುಂಬಯಿ ರಾಜ್ಯದಲ್ಲಿ 1959ರಲ್ಲಿ, ಮೈಸೂರಿನಲ್ಲಿ 1961ರಲ್ಲಿ ಬಂತು. ಇದರಲ್ಲಿ ಜಾತಿಯ ಹೆಸರಿಲ್ಲ. ಆದರೂ ಕಳುವಾದ ಕೂಡಲೆ ಪೊಲೀಸರು ಹುಡುಕಿಕೊಂಡು ಹೋಗುವ ಕೇರಿ ಬದಲಾಗಲಿಲ್ಲ. ಲಕ್ಷ್ಮಣ ಮಾನೆಯವರ 'ಉಪರಾ' ಮತ್ತು ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಈ ಬದುಕನ್ನು ಒಳಗಿನಿಂದ ಹೇಳಿದ ಮರಾಠಿ ಆತ್ಮಕಥನಗಳು. ಎರಡಕ್ಕೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

1956ರ ಭಾಷಾವಾರು ವಿಂಗಡಣೆಯಲ್ಲಿ ವಿಜಾಪುರ ಮೈಸೂರಿಗೆ ಹೋಯಿತು, ಸೊಲ್ಲಾಪುರ ಮುಂಬಯಿಯಲ್ಲೇ ಉಳಿಯಿತು. ಇದರಿಂದ ಸೊಲ್ಲಾಪುರ-ವಿಜಾಪುರ ರಸ್ತೆಯ ಜನಕ್ಕೆ ಹೊಸ ತೊಡಕು ಹುಟ್ಟಿತು. ಟಾಕಳಿಯ ಹತ್ತಿರ ಭೀಮಾ ಸೇತುವೆ ದಾಟಿ ಧೂಳಖೇಡಕ್ಕೆ ಹೋದರೆ ವಡ್ಡರು, ಲಂಬಾಣಿಗರು ಪರಿಶಿಷ್ಟ ಜಾತಿ; ಬೇಡರು ಪರಿಶಿಷ್ಟ ಪಂಗಡ. ಹೊಳೆಯ ಈಚೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಅದೇ ವಡಾರ, ಬಂಜಾರಾ, ಬೇರಡರು ವಿಮುಕ್ತ ಜಾತಿ. ಬೀಗತನ ಎರಡೂ ದಂಡೆಗಿದ್ದರೂ ಜಾತಿ ಪ್ರಮಾಣಪತ್ರ ಒಂದೇ ದಂಡೆಗೆ. ವಿಮುಕ್ತರಿಗೆ ಮಹಾರಾಷ್ಟ್ರದಲ್ಲಿ ಶೇ. 3 ಮೀಸಲಾತಿಯುಂಟು, ವಿಧಾನಸಭೆಯಲ್ಲಿ ಮೀಸಲು ಕ್ಷೇತ್ರ, ದೌರ್ಜನ್ಯ ತಡೆ ಕಾಯ್ದೆಯ ಆಸರೆ ಇಲ್ಲ. ಅಲೆಮಾರಿ ಮತ್ತು ವಿಮುಕ್ತರಿಗಾಗಿ ಕೇಂದ್ರ ನೇಮಿಸಿದ ಆಯೋಗದ ಅಧ್ಯಕ್ಷರಾಗಿ 2008ರಲ್ಲಿ ವರದಿ ಕೊಟ್ಟ ಬಾಳಕೃಷ್ಣ ರೇಣಕೆಯವರು ಸೊಲ್ಲಾಪುರದವರೇ.

ರೂಢಿಗತ ಅಪರಾಧಿಗಳ ಕಾಯ್ದೆಯನ್ನು ತೆಗೆಯಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ, ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿವಾರಣಾ ಸಮಿತಿ 2007ರಲ್ಲಿ ಹೇಳಿದವು. ಜೈಲು ಕೈಪಿಡಿಗಳಲ್ಲಿ ವಿಮುಕ್ತ ಸಮುದಾಯದವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಬಗೆಯುವ ನಿಯಮಗಳು ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2024ರ ಅಕ್ಟೋಬರ್ 3ರಂದು. ಕೈದಿಗಳ ದಾಖಲೆಪುಸ್ತಕದಲ್ಲಿ ಜಾತಿ ಬರೆಯುವ ಅಂಕಣವನ್ನೂ ಅದು ತೆಗೆಸಿತು.