ಯಗಟಿ ಸೀಮೆಯ ಮತದಾರರೂ ಕಡೂರು ಕ್ಷೇತ್ರವೂ

ಮಠದ ಸ್ಮರಣಸಂಪುಟದಲ್ಲಿ ಚುನಾವಣೆಯ ಪ್ರಸ್ತಾಪವೇಕೆಂದು ಭಕ್ತಮಹಾಶಯರಲ್ಲಿ ಕೆಲವರಾದರೂ ಕೇಳದೆ ಇರಲಾರರು. ಜಾತ್ರೆಗೆ ಬರತಕ್ಕ ಜನರೇ ಮತಗಟ್ಟೆಗೂ ಹೋಗತಕ್ಕವರಾದುದರಿಂದ, ತಮ್ಮ ಸೀಮೆಯು ಪ್ರತಿನಿಧಿಗಳನ್ನು ಆರಿಸಿಕೊಂಡ ಬಗೆಯನ್ನು ಅವರು ತಿಳಿದಿರುವುದು ಉಚಿತವಾಗಿಯೇ ಇದೆ.

ಯಗಟಿಯು ಕಡೂರು ತಾಲ್ಲೂಕಿಗೆ ಸೇರಿದ ಬಯಲುಸೀಮೆಯ ಹೋಬಳಿ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ, ೧೮೮೧ನೆಯ ಇಸವಿ ಅಕ್ಟೋಬರ್ ೭ರಂದು, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಕೂಡಿದಾಗ ಅದರಲ್ಲಿ ೧೪೪ ಮಂದಿ ಸದಸ್ಯರಿದ್ದರು. ಅವರು ಪ್ರಜೆಗಳ ಮತದಿಂದ ಬಂದವರಲ್ಲ. ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, ೧೮೯೧ರಲ್ಲಿ, ಚುನಾವಣೆಯ ಪದ್ಧತಿಯು ಬಂದಿತಾದರೂ ಮತದ ಹಕ್ಕು ಕಂದಾಯ, ಆಸ್ತಿಗಳನ್ನು ಅವಲಂಬಿಸಿದ್ದಿತು. ಕೂಲಿಯವನಿಗೆ ಅಲ್ಲಿ ಎಡೆಯಿರಲಿಲ್ಲ. ೧೯೫೨ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ ವಯಸ್ಕರೆಲ್ಲರಿಗೂ ಮತವು ದೊರೆತು, ಪಟೇಲನ ಮತಕ್ಕೂ ಅವನ ಹೊಲದ ಆಳಿನ ಮತಕ್ಕೂ ಒಂದೇ ಬೆಲೆಯಾಯಿತು. ಮುಂದೆ ಬಂದ ಯಾವ ಪಕ್ಷದ ಗೆಲವಿಗಿಂತಲೂ ಇದೇ ದೊಡ್ಡ ಸಂಗತಿಯೆಂದು ಈ ಲೇಖಕನ ಎಣಿಕೆ.

ಬಹುಕಾಲ ಈ ತಾಲ್ಲೂಕಿನಲ್ಲಿ ಕಡೂರು, ಬೀರೂರು ಎಂಬ ಎರಡು ಹೆಸರಿನ ಕ್ಷೇತ್ರಗಳಿದ್ದವು. ೨೦೦೮ರ ಪುನರ್ವಿಂಗಡಣೆಯಲ್ಲಿ ಬೀರೂರು ಕ್ಷೇತ್ರವು ಇಲ್ಲವಾಯಿತು. ಆ ವರ್ಷ ಕಾಂಗ್ರೆಸ್ಸಿನಿಂದ ಆಯ್ಕೆಗೊಂಡ ಶ್ರೀ ಕೆ. ಎಂ. ಕೃಷ್ಣಮೂರ್ತಿಯವರು ಅವಧಿಯ ನಡುವೆಯೇ ಕಾಲವಶರಾದುದರಿಂದ ೨೦೧೦ರ ಸೆಪ್ಟೆಂಬರಿನಲ್ಲಿ ಉಪಚುನಾವಣೆ ನಡೆದು, ಭಾರತೀಯ ಜನತಾ ಪಕ್ಷದ ಡಾಕ್ಟರ್ ವೈ. ಸಿ. ವಿಶ್ವನಾಥರು ಗೆದ್ದರು.

೨೦೧೩ರಲ್ಲಿ ಜನತಾದಳ (ಜಾತ್ಯತೀತ)ದ ಶ್ರೀ ವೈ. ಎಸ್. ವಿ. ದತ್ತರು ಆಯ್ಕೆಯಾದರು. ಇವರ ಹೆಸರಿನ ಮೊದಲಕ್ಷರವೇ ಯಗಟಿ. ಮೇಷ್ಟರೆಂದು ಪ್ರಸಿದ್ಧರಾದ ತಮ್ಮೂರಿನವರೊಬ್ಬರು ವಿಧಾನಸಭೆಯನ್ನು ಪ್ರವೇಶಿಸಿದುದು ಈ ಸೀಮೆಗೆ ಸಂತೋಷವನ್ನುಂಟುಮಾಡಿದ್ದರೆ ಆಶ್ಚರ್ಯವಿಲ್ಲ. ಆದರೆ ಮತದಾರರು ಊರಿನ ಅಭಿಮಾನಕ್ಕೆ ಕಟ್ಟುಬೀಳುವವರಲ್ಲ. ೨೦೧೮ರಲ್ಲಿ ಭಾರತೀಯ ಜನತಾ ಪಕ್ಷದ ಶ್ರೀ ಬೆಳ್ಳಿ ಪ್ರಕಾಶರು ಸುಮಾರು ೧೫ ಸಾವಿರ ಮತಗಳ ಅಂತರದಿಂದ ಗೆದ್ದರು. ದತ್ತರಿಗೂ ಮೂರನೆಯವರಾದ ಕಾಂಗ್ರೆಸ್ಸಿನ ಶ್ರೀ ಕೆ. ಎಸ್. ಆನಂದರಿಗೂ ನಡುವಣ ಅಂತರ ಸಾವಿರಕ್ಕೂ ಕಡಮೆ. ಸೋತವರಿಬ್ಬರ ಮತಗಳನ್ನು ಕೂಡಿದರೆ ಗೆದ್ದವರ ಮತಗಳನ್ನು ಮೀರುವುದು. ತ್ರಿಕೋನ ಸ್ಪರ್ಧೆಯಲ್ಲಿ ಅಲ್ಪಭಾಗದ ಒಲವೇ ಫಲವನ್ನು ನಿರ್ಣಯಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

೨೦೨೩ರ ಆದಿಯಲ್ಲಿ ದತ್ತರು ಕಾಂಗ್ರೆಸ್ಸನ್ನು ಸೇರಿದರು. ಅಲ್ಲಿ ಅಭ್ಯರ್ಥಿತನ ದೊರೆಯದೆ, ಏಪ್ರಿಲಿನಲ್ಲಿ ಮರಳಿ ಜನತಾದಳದಿಂದಲೇ ನಿಂತರು. ಈ ಹೋಗುಬರವು ಹಳೆಯ ಬೆಂಬಲಿಗರಿಗೆ ಇಕ್ಕಟ್ಟನ್ನು ತಂದಿತೆನ್ನದೆ ವಿಧಿಯಿಲ್ಲ. ಹಿಂದಿನ ಸಲ ಮೂರನೆಯವರಾಗಿದ್ದ ಆನಂದರು ಸುಮಾರು ೧೨ ಸಾವಿರ ಮತಗಳ ಅಂತರದಿಂದ ಬೆಳ್ಳಿ ಪ್ರಕಾಶರನ್ನು ಸೋಲಿಸಿದರು. ಹೀಗೆ ೨೦೦೮ರಿಂದ ೨೦೨೩ರ ವರೆಗಿನ ಐದು ಆಯ್ಕೆಗಳಲ್ಲಿ ಕಡೂರು ಐವರು ಬೇರೆ ಬೇರೆ ವ್ಯಕ್ತಿಗಳನ್ನು ಕಳುಹಿಸಿದೆ.